ಕ್ಲಾಸಿಗೂ ಹೋದೆ, ಮನೆಯಲ್ಲೂ ಓದಿದೆ: ಪೈಥಾನ್ ಪರೀಕ್ಷೆಗೆ ಯಾವುದು ಕೈ ಹಿಡಿಯಿತು?

ಪೈಥಾನ್ ಇನ್‌ಸ್ಟಿಟ್ಯೂಟ್‌ನ ಪಿಸಿಇಪಿ ಪರೀಕ್ಷೆಯನ್ನು ನಾನು ಎರಡು ಸಲ ಬರೆದೆ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯನ್ನು ಹೊಸದಾಗಿ ಕಲಿತವರಿಗೆ ಇರುವ ಸರ್ಟಿಫಿಕೇಟ್ ಪರೀಕ್ಷೆ ಅದು. ಮೊದಲ ಸಲ ಶಿವಮೊಗ್ಗದಲ್ಲಿ ಮೂರು ತಿಂಗಳು ಕ್ಲಾಸಿಗೆ ಹೋಗಿ ಬರೆದು ಫೇಲಾದೆ. ಎರಡನೇ ಸಲ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲೇ ಕೂತು ಓದಿ ಪಾಸಾದೆ. ಹಾಗಂತ ಕ್ಲಾಸು ದಂಡ ಅಂತ ಹೇಳೋಕೆ ಹೊರಟಿಲ್ಲ. ಲೆಕ್ಕ ಅಷ್ಟು ಸಲೀಸಾಗಿಲ್ಲ.

ನಾನು ಬಿ.ಕಾಂ. ಓದಿದವನು. ಅಲ್ಲಿಯವರೆಗೆ ಒಂದು ಸಾಲು ಕೋಡ್ ಬರೆದಿರಲಿಲ್ಲ. ಕ್ಲಾಸಿನ ಫೀಸು 12 ಸಾವಿರ. ಬೆಳಿಗ್ಗೆ ಏಳರ ಬಸ್ಸು ಹಿಡಿದರೆ ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗ ತಲುಪುವಾಗ ಒಂಬತ್ತರ ಹತ್ತಿರ. ಸಾಲಿನ ಮುಂದೆ ಸರಿಯಾಗಿ ಜಾಗ ಬಿಡದಿದ್ದರೆ ಪೈಥಾನ್ ಯಾಕೆ ಮುನಿಯುತ್ತದೆ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಎಲ್ಲಿ ನಿಲ್ಲುತ್ತದೆ, ಕೆಂಪಕ್ಷರದ ಎರರ್ ಬಂದರೆ ಮೊದಲು ಯಾವ ಸಾಲು ಓದಬೇಕು, ಇವೆಲ್ಲ ಮೊದಲ ನಾಲ್ಕು ವಾರದಲ್ಲೇ ಕೈಗೆ ಹತ್ತಿದವು. ಅರ್ಧ ಸರ್ ಹೇಳಿಕೊಟ್ಟಿದ್ದು, ಇನ್ನರ್ಧ ಪಕ್ಕದವನ ಸ್ಕ್ರೀನ್ ನೋಡಿ ಕಲಿತಿದ್ದು. ಒಬ್ಬನೇ ಇದ್ದಿದ್ದರೆ ಮೊದಲ ವಾರವೇ ಲ್ಯಾಪ್‌ಟಾಪ್ ಮುಚ್ಚಿಡುತ್ತಿದ್ದೆ, ಖಂಡಿತ.

ಎಡವಟ್ಟಾಗಿದ್ದು ಆಮೇಲೆ. ಪಿಸಿಇಪಿ ಸಿಲೆಬಸ್‌ನಲ್ಲಿ ಇರೋದು ನಾಲ್ಕೇ ಭಾಗ. ಮೂಲ ಪಾಠಗಳಿಗೆ ಶೇ. 18, ಇಫ್ ಮತ್ತು ಲೂಪ್‌ಗಳಿಗೆ 29, ಮಾಹಿತಿ ಜೋಡಿಸಿಡುವ ಲಿಸ್ಟ್, ಡಿಕ್ಷನರಿ ಇತ್ಯಾದಿಗೆ 25, ಫಂಕ್ಷನ್ ಹಾಗೂ ಕೋಡ್ ಓಡುವಾಗ ಬರುವ ಎರರ್ ನಿಭಾಯಿಸುವ ಎಕ್ಸೆಪ್ಶನ್‌ಗೆ 28. ನಮ್ಮ ಕ್ಲಾಸಿನಲ್ಲಿ ಎಕ್ಸೆಪ್ಶನ್‌ಗೆ ಸಿಕ್ಕಿದ್ದು ಒಂದು ಮಧ್ಯಾಹ್ನ, ಅದೂ ಊಟ ಮುಗಿಸಿ ಎಲ್ಲರೂ ತೂಕಡಿಸುವ ಹೊತ್ತು. ಉಳಿದ ವಾರಗಳು ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್, ಮೈಎಸ್‌ಕ್ಯೂಎಲ್ ಡೇಟಾಬೇಸ್, ಕೊನೆಗೆ ಎಲ್ಲರಿಗೂ ಒಂದೇ ಲೈಬ್ರರಿ ಮ್ಯಾನೇಜ್‌ಮೆಂಟ್ ಪ್ರಾಜೆಕ್ಟ್ ಅಂತ ಕಳೆದುಹೋದವು. ಕೆಲಸಕ್ಕೆ ಇವೆಲ್ಲ ಬೇಕು, ಇಲ್ಲ ಅನ್ನಲ್ಲ. ಈ ಪರೀಕ್ಷೆಗೆ ಇವು ಯಾವುದೂ ಬೇಡ.

ಕ್ಲಾಸು ಮುಗಿದಾಗ ಲ್ಯಾಮಿನೇಷನ್ ಮಾಡಿದ ಒಂದು ಸರ್ಟಿಫಿಕೇಟ್ ಕೊಟ್ಟರು. ಅಮ್ಮ ಅದನ್ನೇ ಪರೀಕ್ಷೆಯದ್ದು ಅಂದುಕೊಂಡು ದೇವರ ಮುಂದೆ ಇಟ್ಟಿದ್ದರು. ಕ್ಲಾಸಿನವರು ಕೊಡೋದು ‘ಇವನು ಬಂದಿದ್ದ’ ಅನ್ನೋ ಚೀಟಿ. ಪಿಸಿಇಪಿ ಬೇಕಾದರೆ ಬೇರೆ ಹಣ ಕಟ್ಟಿ ಬೇರೆ ಪರೀಕ್ಷೆ ಬರೆಯಬೇಕು. ನಾನು ಕಟ್ಟಿದ್ದು 59 ಡಾಲರ್. ಸೇರುವಾಗ ಇದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಪರೀಕ್ಷೆಯಲ್ಲಿ 40 ನಿಮಿಷಕ್ಕೆ 30 ಪ್ರಶ್ನೆ, ಪಾಸಾಗಲು ಶೇ. 70 ಬೇಕು. ನಾನು 60ರ ಆಸುಪಾಸಿನಲ್ಲಿ ನಿಂತೆ.

ಆ ಮಳೆಗಾಲ ಮನೆಯಲ್ಲೇ ಉಳಿದೆ. ಪೈಥಾನ್ ಎಸೆನ್ಷಿಯಲ್ಸ್ 1 ಅನ್ನುವ ಕೋರ್ಸು ಇದೇ ಪರೀಕ್ಷೆಗೆ ಹೊಂದಿಸಿದ್ದು. ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಪುಕ್ಕಟೆ ಸಿಗುತ್ತದೆ. ಅದರ ಎರಡನೇ ಭಾಗದಲ್ಲಿ ನನಗೆ ಎದುರಾಗಿದ್ದು −7 // 2, ಅಂದರೆ −7 ಅನ್ನು 2ರಿಂದ ಭಾಗಿಸಿ ಪೂರ್ಣಸಂಖ್ಯೆಯ ಉತ್ತರ ಕೊಡು ಅಂತ. ಕ್ಲಾಸಿನಲ್ಲಿ ಸರ್ ಇದಕ್ಕೆ ಬೋರ್ಡಿನ ಮೇಲೆ −3 ಅಂತ ಬರೆದಿದ್ದರು. ಅವರು ಸಿ ಭಾಷೆ ಕಲಿತು ಬಂದವರು, ಅಲ್ಲಿ ಹಾಗೇ. ನಾವು ಇಪ್ಪತ್ತು ಜನ ಬರೆದುಕೊಂಡೆವು. ಒಬ್ಬನೂ ರನ್ ಮಾಡಿ ನೋಡಲಿಲ್ಲ! ಮನೆಯಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ −4. ಪೈಥಾನ್ ಯಾವಾಗಲೂ ಕೆಳಗಿನ ಪೂರ್ಣಸಂಖ್ಯೆಗೆ ಇಳಿಯುತ್ತದೆ, −3.5ಕ್ಕಿಂತ ಕೆಳಗಿರೋದು −4. ಹಾಗಾಗಿ −7 % 2 ಅಂದರೆ ಶೇಷ 1. ಇಂಥದ್ದು ಪರೀಕ್ಷೆಯಲ್ಲಿ ಬಂದೇ ಬರುತ್ತದೆ. ಅವತ್ತಿನಿಂದ ಏನು ಓದಿದರೂ ಮೊದಲು ಕಾಗದದ ಮೇಲೆ ಉತ್ತರ ಬರೆದು ಆಮೇಲೆ ರನ್ ಮಾಡತೊಡಗಿದೆ. ತಪ್ಪಾದವು ಒಂದು ನೋಟ್‌ಬುಕ್ಕಿಗೆ. ಪಾಸು ಮಾಡಿಸಿದ್ದು ಆ ನೋಟ್‌ಬುಕ್ಕೇ.

ಆದರೆ ಮನೆ ಓದಿನ ಗೋಳು ಬೇರೆ. ಮಲೆನಾಡಿನ ಆಷಾಢದಲ್ಲಿ ಮರ ಬಿದ್ದು ಲೈನ್ ಹರಿದರೆ ಎರಡು ದಿನ ಕರೆಂಟಿಲ್ಲ. ಮಳೆ ಸ್ವಲ್ಪ ಹೊಳವಾದರೆ ಅಡಿಕೆಗೆ ಕೊಳೆ ಔಷಧಿ ಹೊಡೆಸುವ ಗಡಿಬಿಡಿ, ಆಗ ಪೈಥಾನ್ ಗೀಥಾನ್ ಯಾರಿಗೆ ಬೇಕು? ಒಂದು ತಿಂಗಳ ಓದು ಮೂರು ತಿಂಗಳಾಯಿತು. ಸಿಕ್ಕಿಹಾಕಿಕೊಂಡರೆ ಕೇಳಲು ಜನವೂ ಇಲ್ಲ. ಒಂದು ಲಿಸ್ಟನ್ನು ಇನ್ನೊಂದು ಹೆಸರಿಗೆ ಇಟ್ಟು, ಎರಡನೆಯದನ್ನು ಬದಲಿಸಿದರೆ ಮೊದಲನೆಯದೂ ಯಾಕೆ ಬದಲಾಗುತ್ತದೆ ಅಂತ ಮೂರು ರಾತ್ರಿ ತಲೆ ಕೆರೆದುಕೊಂಡೆ. ಕೊನೆಗೆ ಮನೆ ಹಿಂದಿನ ದಿಬ್ಬ ಹತ್ತಿ ಕ್ಲಾಸಿನ ಗೆಳೆಯನಿಗೆ ಫೋನ್ ಮಾಡಿದೆ. “ಅದು ಹೊಸ ತೋಟ ಅಲ್ಲ ಮಾರಾಯ, ಅದೇ ತೋಟಕ್ಕೆ ಇನ್ನೊಂದು ಹೆಸರು. ಬೇರೆ ತೋಟವೇ ಬೇಕಾದ್ರೆ [:] ಹಾಕಿ ನಕಲು ಮಾಡ್ಕೋ” ಅಂದ. ಐದು ನಿಮಿಷದ ಮಾತು. ಆ ಗೆಳೆಯ ಸಿಕ್ಕಿದ್ದು 12 ಸಾವಿರ ಕೊಟ್ಟ ಜಾಗದಲ್ಲೇ, ಅಲ್ವಾ?

ಇವೆರಡರ ನಡುವಿನ ದಾರಿ ಎನ್‌ಪಿಟೆಲ್, ಐಐಟಿ, ಐಐಎಸ್‌ಸಿಗಳು ಸೇರಿ ನಡೆಸುವ ಆನ್‌ಲೈನ್ ಕೋರ್ಸುಗಳ ತಾಣ. ಅಲ್ಲಿ ಪ್ರೊಫೆಸರ್ ಮಾಧವನ್ ಮುಕುಂದ್ ಅವರ ಪೈಥಾನ್ ಕೋರ್ಸು 8 ವಾರದ್ದು. ಸೇರಲು ಹಣ ಬೇಡ, ಪರೀಕ್ಷೆಗೆ ಮಾತ್ರ ಶುಲ್ಕ. ಪ್ರತಿ ವಾರ ಗಡುವು ಇರೋದರಿಂದ ನನ್ನಂಥ ಸೋಮಾರಿಗೆ ಒಳ್ಳೆಯದು. ಆದರೆ ಅದು ಬೇಗ ಅಲ್ಗಾರಿದಮ್ (ಲೆಕ್ಕ ಬಿಡಿಸುವ ಕ್ರಮ) ಕಡೆ ತಿರುಗುತ್ತದೆ, ಹೊಸಬರಿಗೆ ಏದುಸಿರು. ನಾನು ನಾಲ್ಕನೇ ವಾರಕ್ಕೆ ಬಿಟ್ಟೆ.

ಈಗ ಚಿಕ್ಕಪ್ಪನ ಮಗ ಅದೇ ಕ್ಲಾಸಿಗೆ ಸೇರುತ್ತೇನೆ ಅಂತಿದ್ದಾನೆ. ಅವನೂ ಕೋಡ್ ಮುಟ್ಟಿದವನಲ್ಲ, ಹಾಗಾಗಿ ಬೇಡ ಅನ್ನಲಿಲ್ಲ. ಒಂದು ತಿಂಗಳಿಗೆ ಮಾತ್ರ ಫೀಸು ಕಟ್ಟೋಕೆ ಬಿಡ್ತಾರಾ ಕೇಳು ಅಂದೆ. ಸಿಲೆಬಸ್ ಪುಟದ ಪ್ರಿಂಟ್ ತೆಗೆಸಿ ಕೊಟ್ಟಿದ್ದೇನೆ. ನೋಟ್‌ಬುಕ್ಕನ್ನೂ ಕೇಳಿದ. ಅದನ್ನು ಮಾತ್ರ ಕೊಡಲಿಲ್ಲ, ಅವನ ತಪ್ಪುಗಳು ಬೇರೆ ಇರುತ್ತವೆ.