ಕಲ್ಪಾ ಮತ್ತು ಚಿತ್ಕುಲ್: ಕಿನ್ನೌರಿನಲ್ಲಿ ಎಲ್ಲಿ ಉಳಿಯಬೇಕು?

ಹಿಮಾಚಲ ಪ್ರದೇಶದ ಕಿನ್ನೌರ್ ಜಿಲ್ಲೆಗೆ ಹೊರಡುವವರನ್ನು ಮೊದಲು ಕಾಡುವುದು, ಕಲ್ಪಾದಲ್ಲಿ ತಂಗುವುದೋ ಚಿತ್ಕುಲ್‌ನಲ್ಲಿ ತಂಗುವುದೋ ಎಂಬ ಪ್ರಶ್ನೆ. ಸೆಪ್ಟೆಂಬರ್ ಕೊನೆಯಲ್ಲಿ, ಒಂದೇ ಪ್ರವಾಸದಲ್ಲಿ ಎರಡೂ ಊರುಗಳಲ್ಲಿ ಉಳಿದಿದ್ದರಿಂದ ಋತುಮಾನದ ವ್ಯತ್ಯಾಸ ಅಡ್ಡಬಾರದಂತೆ ಅವನ್ನು ಹೋಲಿಸಲು ನನಗೆ ಸಾಧ್ಯವಾಯಿತು. ಉಳಿಯಲು ನನ್ನ ಆಯ್ಕೆ ಕಲ್ಪಾ, ನಡೆಯಲು ಚಿತ್ಕುಲ್‌ನ ಕಡೆಯ ಬಾಸ್ಪಾ ಕಣಿವೆ.

ಹಿಂದೆ ಚಿನಿ ಎಂದು ಕರೆಸಿಕೊಳ್ಳುತ್ತಿದ್ದ ಕಲ್ಪಾ, ಜಿಲ್ಲಾ ಕೇಂದ್ರವಾದ ರೆಕಾಂಗ್ ಪಿಯೊದ ಮೇಲ್ಭಾಗದಲ್ಲಿ ಸುಮಾರು 2,960 ಮೀಟರ್ ಎತ್ತರದಲ್ಲಿದೆ. ಸಟ್ಲೆಜ್ ನದಿಯ ಆಳವಾದ ಕಮರಿಯಾಚೆ, 6,473 ಮೀಟರ್ ಎತ್ತರದ ಜೋರ್ಕಾಂಡೆನ್ ಶಿಖರವನ್ನೊಳಗೊಂಡ ಕಿನ್ನರ್ ಕೈಲಾಸ ಸಾಲು ಊರಿಗೆ ನೇರವಾಗಿ ಎದುರು ನಿಂತಿರುತ್ತದೆ. ಅದನ್ನು ನೋಡಲು ಎಲ್ಲಿಗೂ ಹೋಗಬೇಕಾಗಿಲ್ಲ, ಕೋಣೆಯ ಕಿಟಕಿಯೇ ಸಾಕು. ಇಲ್ಲಿನ ಸೂರ್ಯೋದಯವನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಪರ್ವತ ಊರಿನ ಪೂರ್ವ ದಿಕ್ಕಿಗಿರುವುದರಿಂದ ಬೆಳಗಿನ ಬಿಸಿಲು ಅದರ ಬೆನ್ನ ಹಿಂದಿನಿಂದ ಬರುತ್ತದೆ, ಶಿಖರಗಳು ಕಪ್ಪು ಅಂಚಾಗಿ ಮಾತ್ರ ಕಾಣುತ್ತವೆ. ಸಂಜೆಯಾದರೋ ಪಶ್ಚಿಮದ ಬೆಳಕು ಎದುರಿನಿಂದಲೇ ಬೀಳುತ್ತದೆ. ಊರು ನೆರಳಿಗೆ ಸರಿದ ಮೇಲೂ ಹಿಮ ಬಹಳ ಹೊತ್ತು ಕೆಂಪಾಗಿಯೇ ಇರುತ್ತದೆ. ಕಲ್ಪಾಕ್ಕೆ ಬಂದವರು ನಿದ್ದೆಗೆಟ್ಟು ಮುಂಜಾವಿಗೆ ಕಾಯುವ ಬದಲು ಸಂಜೆಯ ಹೊತ್ತನ್ನು ಖಾಲಿ ಇಟ್ಟುಕೊಳ್ಳುವುದು ಜಾಣತನ.

ಸುತ್ತಲಿನ ನಾಡಿನಲ್ಲಿ ತಿರುಗಾಡಲು ಕಲ್ಪಾ ಕೊಡುವ ಅವಕಾಶ ಸೀಮಿತವಾದುದು. ಸೇಬಿನ ತೋಟಗಳ ನಡುವಿನ ದಾರಿಗಳಲ್ಲಿ ಅಡ್ಡಾಡಬಹುದು, ನಾರಾಯಣ-ನಾಗಿಣಿ ದೇಗುಲದ ಮರದ ಕೆತ್ತನೆಯನ್ನು ನಿಧಾನವಾಗಿ ನೋಡಬಹುದು, ಪ್ರಪಾತದ ಅಂಚಿನ ರಸ್ತೆ ಹಿಡಿದು ರೋಘಿ ಹಳ್ಳಿಯವರೆಗೆ ಹೋಗಿಬರಬಹುದು. ಕೆಳಗಿನ ಇಳಿಜಾರುಗಳಲ್ಲಿ ಚಿಲ್ಗೋಜಾ ಪೈನ್ ಮರಗಳಿವೆ. ಒಣಹಣ್ಣಿನ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಸಿಗುವ ಆ ಉದ್ದನೆಯ ಬೀಜ ಇಂಥ ಮರಗಳ ಕಾಯಿಯೊಳಗಿನದು. ಅಲ್ಲಿಗೆ ಕಲ್ಪಾದ ನಡಿಗೆ ಹೆಚ್ಚುಕಡಿಮೆ ಮುಗಿಯುತ್ತದೆ.

ಚಿತ್ಕುಲ್‌ನ ವಿಷಯ ಇದಕ್ಕೆ ವಿರುದ್ಧ. ಸುಮಾರು 3,450 ಮೀಟರ್ ಎತ್ತರದ ಈ ಊರಿನ ಹೆಬ್ಬಾಗಿಲಿನಂತಿರುವ ರಸ್ತೆಬದಿ ಈಗ ಹೋಟೆಲುಗಳಿಂದಲೂ, ಭಾರತದ ಕೊನೆಯ ಊರೆಂಬ ಹೆಮ್ಮೆಯ ಫಲಕಗಳ ಮುಂದೆ ಫೋಟೋ ತೆಗೆಸಿಕೊಳ್ಳುವವರಿಂದಲೂ ತುಂಬಿಹೋಗಿದೆ. ಅದನ್ನು ದಾಟಿ ಮಾತಿ ದೇವಿಯ ದೇಗುಲದ ಕಡೆಗಿನ ಹಳೆಯ ಭಾಗಕ್ಕೆ ಹೋದರೆ, ನೆಲದ ತೇವ ತಾಗದಂತೆ ಕಲ್ಲುಗಳ ಮೇಲೆ ಎತ್ತರಿಸಿ ಕಟ್ಟಿದ ಮರದ ಕಣಜಗಳು ಕಾಣಸಿಗುತ್ತವೆ. ಓಗ್ಲಾ, ಫಾಫ್ರಾ ಎಂಬ ಹುರುಳಿ ಗೋಧಿಯ (ಬಕ್‌ವೀಟ್) ಪೈರು ಕೊಯ್ಲಿನ ಹೊತ್ತಿಗೆ ಕಾಂಡವೆಲ್ಲ ಕೆಂಪಾಗಿರುತ್ತದೆ, ಹೊಲ ಖಾಲಿಯಾದಂತೆ ಅಂಗಳಗಳು ಕೆಂಪಾಗುತ್ತವೆ.

ಈ ಕಣಿವೆಯ ನಿಜವಾದ ಸೊಗಸಿರುವುದು ರಕ್ಚಮ್ ಹಳ್ಳಿಯಿಂದ ಚಿತ್ಕುಲ್‌ವರೆಗೆ ಬಾಸ್ಪಾ ನದಿಯ ಪಕ್ಕದ ಸುಮಾರು ಹತ್ತು ಕಿಲೋಮೀಟರ್ ಹಾದಿಯಲ್ಲಿ. ಕಾರಿನಲ್ಲಿ ಹೋದವರಿಗೆ ಇದು ಅರ್ಧ ಗಂಟೆಯ ಕುಲುಕಾಟ. ನಡೆದವರಿಗೆ ಭೂರ್ಜ ಮರಗಳ ಕಾಡು, ಮಂಜು ಕರಗಿ ರಸ್ತೆಗಡ್ಡ ಹರಿಯುವ ತೊರೆಗಳು, ಬೂದು ಬಂಡೆಗಳ ನಡುವೆ ಹಸಿರುನೀಲಿಯಾಗಿ ಮೊರೆಯುವ ನದಿ ಸಿಗುತ್ತವೆ. ಬೆಳಿಗ್ಗೆ ಬೇಗ ಹೊರಡುವುದು ಒಳ್ಳೆಯದು, ಏಕೆಂದರೆ ಮಧ್ಯಾಹ್ನದ ನಂತರ ಕಣಿವೆಯಲ್ಲಿ ಬೀಸುವ ಗಾಳಿ ನಡಿಗೆಯ ಸುಖವನ್ನೇ ಕಸಿದುಕೊಳ್ಳುತ್ತದೆ. ಚಿತ್ಕುಲ್‌ನಿಂದಾಚೆಗೆ ಮಾತ್ರ ಗಡಿ ಕಾವಲಿನ ಠಾಣೆಗಳಿರುವುದರಿಂದ ಸಾಮಾನ್ಯ ಪ್ರವಾಸಿಗರು ಬಹಳ ದೂರ ಹೋಗುವಂತಿಲ್ಲ.

ಹೀಗಿದ್ದೂ ರಾತ್ರಿ ಕಳೆಯಲು ಕಲ್ಪಾವನ್ನು ಆರಿಸುವುದಕ್ಕೆ ಕಾರಣಗಳಿವೆ. ಐನೂರು ಮೀಟರ್ ಎತ್ತರದ ಅಂತರ ನಕ್ಷೆಯಲ್ಲಿ ಚಿಕ್ಕದು, ಮಲಗಿದಾಗ ಚಿಕ್ಕದಲ್ಲ. ಚಿತ್ಕುಲ್‌ನಲ್ಲಿ ನನ್ನ ನಿದ್ದೆ ತುಂಡುತುಂಡಾಯಿತು, ಬೆಳಗಿನ ಚಳಿಯೂ ಬೇರೆಯೇ ಬಗೆಯದಾಗಿತ್ತು. ಏನಾದರೂ ತೊಂದರೆಯಾದರೆ ಕಲ್ಪಾದ ಕೆಳಗೇ ಜಿಲ್ಲಾ ಕೇಂದ್ರದ ಆಸ್ಪತ್ರೆ, ಬ್ಯಾಂಕು, ಬಸ್ ನಿಲ್ದಾಣಗಳಿವೆ. ಚಿತ್ಕುಲ್‌ನಿಂದ ಅಲ್ಲಿಗೆ ತಲುಪಬೇಕಾದರೆ ಕಡಿದಾದ ಬಂಡೆಗಳನ್ನು ಕೊರೆದು ಮಾಡಿದ ಕಿರಿದಾದ ರಸ್ತೆಯಲ್ಲಿ ಸಾಂಗ್ಲಾ, ಕರ್ಛಮ್ ದಾಟಿ ಇಳಿಯಬೇಕು. 2021ರ ಜುಲೈನಲ್ಲಿ ಇದೇ ಕಣಿವೆಯ ಬಟ್ಸೇರಿಯ ಬಳಿ ಬೆಟ್ಟದಿಂದ ಉರುಳಿದ ಬಂಡೆಗಳಿಗೆ 9 ಮಂದಿ ಬಲಿಯಾದರು. ಮಳೆಗಾಲದಲ್ಲಿ ಈ ದಾರಿಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಹಿಮದ ತಿಂಗಳುಗಳೂ ಎರಡೂ ಊರುಗಳಿಗೆ ಕಠಿಣವೇ. ಸ್ವತಂತ್ರ ಭಾರತದ ಮೊದಲ ಚುನಾವಣೆಯಲ್ಲಿ ಕಲ್ಪಾದ ಶಾಲಾ ಶಿಕ್ಷಕ ಶ್ಯಾಮ್ ಸರಣ್ ನೇಗಿ 1951ರ ಅಕ್ಟೋಬರ್ 25ರಂದೇ ಮತ ಹಾಕಿ ದೇಶದ ಮೊದಲ ಮತದಾರರೆನಿಸಿದ್ದು, ಹಿಮ ಬೀಳುವ ಮುನ್ನವೇ ಇಲ್ಲಿ ಮತದಾನ ಮುಗಿಸಬೇಕಾಗಿದ್ದರಿಂದ. ಚಳಿಗಾಲದಲ್ಲೂ ಹೋಗಲೇಬೇಕೆನ್ನುವವರಿಗೆ ಕಲ್ಪಾ ಕಷ್ಟಪಟ್ಟಾದರೂ ಎಟುಕುತ್ತದೆ, ಚಿತ್ಕುಲ್‌ನ ರಸ್ತೆಯನ್ನು ನಂಬುವಂತಿಲ್ಲ.

ಸಮಯವಿದ್ದವರು ಮೊದಲು ಕಲ್ಪಾದಲ್ಲಿ ಉಳಿದು ಎತ್ತರಕ್ಕೆ ಒಗ್ಗಿಕೊಂಡು, ಅನಂತರ ರಕ್ಚಮ್‌ನಲ್ಲಿ ಒಂದು ರಾತ್ರಿ ತಂಗಿ, ಮರುದಿನ ಬೆಳಿಗ್ಗೆ ಅಲ್ಲಿಂದ ಚಿತ್ಕುಲ್‌ಗೆ ನಡೆದು, ಸಂಜೆಯೊಳಗೆ ವಾಹನದಲ್ಲಿ ಹಿಂದಿರುಗಬಹುದು. ವಾಹನವನ್ನು ಮಾತ್ರ ಹಿಂದಿನ ದಿನವೇ ಗೊತ್ತುಮಾಡಿಕೊಳ್ಳಬೇಕು.