ಬೇರಿಯಂ ನೋಡದೆ ಯುರೋಪಿಯಂ ನಂಬಬೇಡಿ

ಆಳಸಮುದ್ರದ ಕೆಸರಿನಲ್ಲಿ ರೇರ್ ಅರ್ಥ್ ಧಾತುಗಳನ್ನು (ಯುರೋಪಿಯಂ ಸೇರಿದ ಲೋಹಗಳ ಒಂದು ಗುಂಪು) ಅಳೆಯಲು ಹೊರಟವರು ದಯವಿಟ್ಟು ಇದನ್ನು ಓದಿ. ನನ್ನ ಪಿಎಚ್‌ಡಿಯಲ್ಲಿ ಹತ್ತಿರ ಹತ್ತಿರ ಒಂದು ವರ್ಷ ಯುರೋಪಿಯಂ ಎಂಬ ಒಂದೇ ಧಾತುವಿನ ಹಿಂದೆ ಹಾಳಾಯಿತು.

ನನ್ನದು ಮಧ್ಯ ಹಿಂದೂ ಮಹಾಸಾಗರದ ಕೆಸರು, 5000 ಮೀಟರಿಗೂ ಆಳದಿಂದ ತಂದದ್ದು. ಉಪ್ಪು ತೊಳೆದು, ಒಣಗಿಸಿ, ಆಸಿಡ್‌ನಲ್ಲಿ ಕರಗಿಸಿ ಐಸಿಪಿ-ಎಂಎಸ್ ಯಂತ್ರಕ್ಕೆ ಕೊಟ್ಟೆ. ಬಿಸಿ ಪ್ಲಾಸ್ಮಾದಲ್ಲಿ ಪರಮಾಣುಗಳನ್ನು ಅಯಾನು ಮಾಡಿ, ತೂಕ ನೋಡಿ ಎಣಿಸುವ ಯಂತ್ರ ಅದು. ಬಂದ ಅಂಕಿಗಳನ್ನು ಶೇಲ್ (ಕೆಸರು ಗಟ್ಟಿಯಾಗಿ ಆದ ಕಲ್ಲು) ಕಲ್ಲಿನ ಸರಾಸರಿಯಿಂದ ಭಾಗಿಸಿ ಗೆರೆ ಎಳೆದರೆ, ಯುರೋಪಿಯಂ ಇರುವಲ್ಲಿ ಗೂಟ ನೆಟ್ಟ ಹಾಗೆ ಮೇಲೆದ್ದಿತ್ತು. ಸಾಗರತಳದ ಬಿಸಿನೀರಿನ ಬುಗ್ಗೆಗಳಲ್ಲಿ ಯುರೋಪಿಯಂ ಹೀಗೇ ಜಾಸ್ತಿ ಇರುತ್ತದೆ. ಹತ್ತಿರದಲ್ಲೇ ಎಲ್ಲೋ ಬುಗ್ಗೆ ಇದೆ ಅಂತ ನಂಬಿಬಿಟ್ಟೆ. ಸಮ್ಮೇಳನಕ್ಕೆ ಸಾರಾಂಶವನ್ನೂ ಕಳಿಸಿದೆ.

ನಮ್ಮ ಲ್ಯಾಬಿನ ಹಿರಿಯ ಅಕ್ಕ ಒಬ್ಬರು ಗ್ರಾಫ್ ನೋಡಿ ಒಂದೇ ಪ್ರಶ್ನೆ ಕೇಳಿದರು: "ಬೇರಿಯಂ ಎಷ್ಟಿದೆ ನೋಡಿದ್ಯಾ?" ನೋಡಿರಲಿಲ್ಲ. ಅಳೆಯುವ ಪಟ್ಟಿಯಲ್ಲೇ ಅದು ಇರಲಿಲ್ಲ.

ಅಳೆದಾಗ 4000 ಪಿಪಿಎಂ (ಹತ್ತು ಲಕ್ಷದಲ್ಲಿ 4000 ಭಾಗ) ಹತ್ತಿರ ಬಂತು. ಯಂತ್ರದ ಪ್ಲಾಸ್ಮಾದಲ್ಲಿ ಸಾವಿರ ಬೇರಿಯಂ ಅಯಾನುಗಳಿಗೆ ಒಂದು ಆಮ್ಲಜನಕದ ಜೊತೆ ಅಂಟಿಕೊಂಡರೂ ಸಾಕು, ಕೆಲಸ ಕೆಡುತ್ತದೆ. 135 ತೂಕದ ಬೇರಿಯಂಗೆ ಆಮ್ಲಜನಕದ 16 ಸೇರಿದರೆ 151, 137ಕ್ಕೆ 16 ಸೇರಿದರೆ 153. ಯುರೋಪಿಯಂಗೆ ಇರುವುದೂ ಇವೇ ಎರಡು ತೂಕ. ಯಂತ್ರಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಸುಳಿವು ನನ್ನ ಕಣ್ಣೆದುರೇ ಇತ್ತು. ಅದೇ ನನಗೆ ಈಗಲೂ ನೋವು. ಒಂದು ಮಾದರಿಯಲ್ಲಿ 151 ನೋಡಿ ಲೆಕ್ಕ ಹಾಕಿದರೆ 2.15 ಪಿಪಿಎಂ, 153 ನೋಡಿದರೆ 2.46. ಒಂದೇ ಧಾತು, ಒಂದೇ ಬಾಟಲಿ, ಎರಡು ಉತ್ತರ. 137 ಬೇರಿಯಂ 135ಕ್ಕಿಂತ ಜಾಸ್ತಿ ಇರುವುದರಿಂದ 153 ಹೆಚ್ಚು ಉಬ್ಬುತ್ತದೆ. ನಾನು 153 ಒಂದನ್ನೇ ಇಟ್ಟುಕೊಂಡು ಇನ್ನೊಂದರ ಕಡೆ ತಿರುಗಿಯೂ ನೋಡಿರಲಿಲ್ಲ. ಕ್ಯಾಟಯಾನ್ ಕಾಲಮ್‌ನಲ್ಲಿ (ಧನ ಅಯಾನುಗಳನ್ನು ಹಿಡಿದು ಬೇರ್ಪಡಿಸುವ ರಾಳದ ಕೊಳವೆ) ಬೇರಿಯಂ ತೆಗೆದು ಮತ್ತೆ ಓಡಿಸಿದಾಗ ಎರಡರಲ್ಲೂ 1.6 ಬಂತು. ಗೂಟ ಹೋಯಿತು, ಬುಗ್ಗೆಯೂ ಹೋಯಿತು. ಸಾರಾಂಶ ವಾಪಸ್ ಪಡೆದೆ.

ಸ್ಟ್ಯಾಂಡರ್ಡ್ (ಯಾವುದು ಎಷ್ಟಿದೆ ಅಂತ ಮೊದಲೇ ಗೊತ್ತಿರುವ ಮಾದರಿ) ಸರಿ ಬಂತಲ್ವಾ ಅಂತ ಸುಮ್ಮನಾಗಬೇಡಿ. ನನ್ನದೂ ಸರಿಯಾಗೇ ಬಂದಿತ್ತು. ನಾನು ಬಳಸಿದ್ದು ಬಿಎಚ್‌ವಿಒ-2, ಹವಾಯಿಯ ಬಸಾಲ್ಟ್ ಪುಡಿ. ಅದರಲ್ಲಿ ಬೇರಿಯಂ ಸುಮಾರು 130 ಪಿಪಿಎಂ ಅಷ್ಟೆ. ಎಂಎಜಿ-1 ಅನ್ನುವ ಇನ್ನೊಂದು ಸ್ಟ್ಯಾಂಡರ್ಡ್ ಕಡಲ ಕೆಸರೇ ಆದರೂ ಅದರಲ್ಲೂ ಇರುವುದು 480ರ ಆಸುಪಾಸು. 4000 ಇರುವ ಮಾದರಿಯ ತಪ್ಪನ್ನು ಇವು ಹೇಗೆ ತೋರಿಸುತ್ತವೆ? ಬರೀ ಬೇರಿಯಂ ಇರುವ ದ್ರಾವಣವನ್ನು ಪ್ರತಿ ದಿನ, ಪ್ರತಿ ಬ್ಯಾಚಿನ ಜೊತೆ ಓಡಿಸಿ. 151, 153ರಲ್ಲಿ ಎಷ್ಟು ಬರುತ್ತದೆ ಅಂತ ಬರೆದಿಟ್ಟು, ಮಾದರಿಯ ಬೇರಿಯಂಗೆ ತಕ್ಕಷ್ಟನ್ನು ಕಳೆಯಿರಿ. ನಿನ್ನೆಯ ಅಂಕಿ ಇವತ್ತಿಗೆ ಆಗುವುದಿಲ್ಲ, ಯಂತ್ರದ ಟ್ಯೂನಿಂಗ್ ಬದಲಾದರೆ ಅದೂ ಬದಲಾಗುತ್ತದೆ. ಬೇರಿಯಂ ತೀರಾ ಜಾಸ್ತಿ ಇದ್ದರೆ ಕಳೆಯುವ ಲೆಕ್ಕ ನಂಬದೆ ಕಾಲಮ್‌ನಲ್ಲಿ ಬೇರ್ಪಡಿಸಿ.

ಇನ್ನೊಂದು ಮಾತು. ಹೈಡ್ರೋಫ್ಲೋರಿಕ್ ಆಸಿಡ್‌ನಲ್ಲಿ ಕರಗಿಸಿದ ಮೇಲೆ ಟೆಫ್ಲಾನ್ ಬೀಕರಿನ ತಳದಲ್ಲಿ ಅಕ್ಕಿ ತೊಳೆದ ನೀರಿನ ಗಸಿಯಂಥ ಬಿಳಿ ಪದರ ಕಂಡರೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಬೇಡಿ. ಅದು ಫ್ಲೋರೈಡ್ ಆಗಿದ್ದರೆ ನೀವು ಹುಡುಕುತ್ತಿರುವ ಧಾತುಗಳು ಅದರಲ್ಲೇ ಕೂತಿರುತ್ತವೆ.