ಬೊಚ್ಚುಬಾಯಿಯ ಡ್ರ್ಯಾಗನ್ ಮತ್ತು ಪುಟ ಎಣಿಸುವ ಹುಡುಗ

ನನ್ನ ಸೋದರಳಿಯನಿಗೆ ಒಂಬತ್ತು ವರ್ಷ. ಯಾವ ಪುಸ್ತಕ ಕೊಟ್ಟರೂ ಮೊದಲು ಕೊನೆಯ ಪುಟ ತೆರೆದು ಸಂಖ್ಯೆ ನೋಡುತ್ತಾನೆ. ಆಮೇಲೆ ಎರಡು ಬೆರಳುಗಳ ನಡುವೆ ಹಿಡಿದು ದಪ್ಪ ಅಳೆಯುತ್ತಾನೆ. ಆಮೇಲೆ ನನ್ನ ಮುಖ ನೋಡುತ್ತಾನೆ, ಸಾಲ ವಸೂಲಿಗೆ ಬಂದವನನ್ನು ನೋಡುವಂತೆ. ಅಕ್ಷರ ಬಾರದ ಹುಡುಗನೇನಲ್ಲ. ಆಟದ ಪೆಟ್ಟಿಗೆಯೊಳಗಿನ ಸಣ್ಣಚ್ಚಿನ ನಿಯಮಗಳನ್ನು ಒಂದೂ ಬಿಡದೆ ಓದಿ ಎದುರಾಳಿಯ ಮೋಸ ಹಿಡಿಯಬಲ್ಲ. ಕತೆಪುಸ್ತಕ ಮಾತ್ರ ಅವನ ಪಾಲಿಗೆ ಕಬ್ಬಿಣದ ಕಡಲೆ.

ಓದುವ ನಟನೆಯನ್ನೂ ಅವನು ಕಲಿತಿದ್ದ. ನಾನು ಕರಡು ತಿದ್ದುವ ಕೆಲಸದವನು. ಮೂವತ್ತು ವರ್ಷಗಳಿಂದ ಬೇರೆಯವರ ಕಾಗುಣಿತದ ತಪ್ಪು ಹುಡುಕಿ ಹೊಟ್ಟೆ ಹೊರೆಯುತ್ತಿರುವವನು. ಸಂಭಾಷಣೆ ತುಂಬಿದ ಪುಟ ಬೇಗ ಮುಗಿಯುತ್ತದೆ, ವರ್ಣನೆ ತುಂಬಿದ ಪುಟ ತಡೆದು ನಿಲ್ಲಿಸುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಈ ಹುಡುಗನ ಪುಟಗಳು ಗಡಿಯಾರದ ಮುಳ್ಳಿನಂತೆ ಒಂದೇ ಸಮನೆ ತಿರುಗುತ್ತಿದ್ದವು. ಕಳ್ಳ ಸಿಕ್ಕಿಬಿದ್ದ. ಅವನೇನೂ ನಾಚಿಕೊಳ್ಳಲಿಲ್ಲ. "ಮಾವ, ಇದರಲ್ಲಿ ಎಲ್ಲರೂ ಒಳ್ಳೆಯವರೇ ಇದ್ದಾರೆ" ಎಂದು ಪುಸ್ತಕ ಮುಚ್ಚಿದ. ಆ ಮಾತು ನನಗೆ ನಾಟಿತು. ಮಕ್ಕಳಿಗೆಂದು ನಾನು ಆರಿಸಿ ತರುತ್ತಿದ್ದ ಪುಸ್ತಕಗಳ ಮೇಲೆ ಅದಕ್ಕಿಂತ ಚುರುಕಾದ ವಿಮರ್ಶೆಯನ್ನು ನಾನು ಕೇಳಿಲ್ಲ.

ಅವನನ್ನು ಗೆದ್ದದ್ದು ಕ್ರೆಸಿಡಾ ಕೊವೆಲ್ ಅವರ 'ಹೌ ಟು ಟ್ರೇನ್ ಯುವರ್ ಡ್ರ್ಯಾಗನ್'. 2003ರಲ್ಲಿ ಬಂದ ಪುಸ್ತಕ, ಹನ್ನೆರಡು ಸಂಪುಟಗಳ ಸರಣಿಯ ಮೊದಲನೆಯದು. ಇದೇ ಹೆಸರಿನ ಚಲನಚಿತ್ರ 2010ರಲ್ಲಿ ಬಂದು ಜಗತ್ತೆಲ್ಲ ಸುತ್ತಿದ್ದರಿಂದ ಹೆಸರು ಹಲವರಿಗೆ ಗೊತ್ತು, ಪುಸ್ತಕ ಗೊತ್ತಿರುವವರು ಕಡಿಮೆ. ಚಿತ್ರವನ್ನು ನೋಡಿದ್ದೇವೆ, ಇನ್ನು ಪುಸ್ತಕ ಏಕೆ ಎನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಎರಡೂ ಬೇರೆ ಬೇರೆ ಕತೆಗಳು. ಚಿತ್ರದಲ್ಲಿ ವೈಕಿಂಗರು, ಅಂದರೆ ಉತ್ತರ ಯುರೋಪಿನ ಹಳೆಯ ಕಾಲದ ಕಡಲ ಯೋಧರು, ಡ್ರ್ಯಾಗನ್‌ಗಳೊಡನೆ ಯುದ್ಧ ಮಾಡುತ್ತಾರೆ, ಪುಸ್ತಕದಲ್ಲಿ ಅವುಗಳನ್ನು ಹಿಡಿದು ಪಳಗಿಸಿ ಬೇಟೆಗೆ ಬಿಡುತ್ತಾರೆ. ಚಿತ್ರದ ಟೂತ್‌ಲೆಸ್ ಆಕಾಶ ಸೀಳಿ ಹಾರುವ ಕಪ್ಪು ಡ್ರ್ಯಾಗನ್, ಮೇಲೆ ಕುಳಿತು ಸವಾರಿ ಮಾಡಬಹುದು. ಪುಸ್ತಕದ್ದು ಅಂಗಿಯೊಳಗೆ ಅಡಗಿಸಿಕೊಳ್ಳಬಹುದಾದ ಗಾತ್ರದ್ದು. ಸೋಮಾರಿ, ಹೊಟ್ಟೆಬಾಕ, ಸುಳ್ಳುಗಾರ, ಮಾತಿನಲ್ಲಿ ತೊದಲುವವನು, ಬಾಯಲ್ಲಿ ಒಂದು ಹಲ್ಲೂ ಇಲ್ಲದವನು. ಒಳ್ಳೆಯವರನ್ನು ಕಂಡು ಬೇಸತ್ತಿದ್ದ ನಮ್ಮ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಗೆಳೆಯ ಸಿಗುವುದು ಸಾಧ್ಯವಿರಲಿಲ್ಲ.

ಕತೆಯ ನಾಯಕ ಹಿಕಪ್ ಹೊರೆಂಡಸ್ ಹ್ಯಾಡಕ್, ಅದೂ ಮೂರನೆಯವನು. ಬರ್ಕ್ ಎಂಬ ದ್ವೀಪದಲ್ಲಿರುವ ಹೇರಿ ಹೂಲಿಗನ್ ಎಂಬ ಒರಟು ಬಣದ ಮುಖಂಡನ ಮಗ. ತಂದೆ ಸ್ಟೋಯಿಕ್ ಬೆಟ್ಟದಂಥ ಆಳು, ಮಗ ಕಡ್ಡಿಯಂಥವನು. ಬಣದ ಗಂಡುಮಕ್ಕಳೆಲ್ಲ ಸಾವಿರಾರು ಡ್ರ್ಯಾಗನ್‌ಗಳು ಮಲಗಿರುವ ಗುಹೆಗೆ ಹೋಗಿ ತಲಾ ಒಂದು ಮರಿಯನ್ನು ಹಿಡಿದು ತರಬೇಕು, ಪಳಗಿಸಬೇಕು, ಎಲ್ಲರೆದುರು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ತೇರ್ಗಡೆಯಾಗದವನಿಗೆ ಗಡೀಪಾರು. ಹಿಕಪ್ ತಂದದ್ದು ಎಲ್ಲರಿಗಿಂತ ಚಿಕ್ಕ ಮರಿ. ಮುಖಂಡರ ಮನೆತನದವರಿಗೆ ಸಲ್ಲುವ ಡ್ರ್ಯಾಗನ್ ಜಾತಿಗೆ ಘೋರ ದುಃಸ್ವಪ್ನ ಎಂಬ ಅರ್ಥದ ಹೆಸರಿದೆ. ಇವನದು ಬೊಚ್ಚುಬಾಯಿಯ ಹಗಲುಗನಸು ಎಂಬ ಅಪರೂಪದ ತಳಿ ಎಂದು ಮಾನ ಉಳಿಸಿಕೊಳ್ಳಲು ಹೇಳಿಕೊಳ್ಳುವ ಜಾಗದಲ್ಲಿ ನಾನೇ ಓದು ನಿಲ್ಲಿಸಿ ನಕ್ಕೆ.

ಓದಿದ್ದು ಹೇಗೆಂದರೆ, ಇಂಗ್ಲಿಷ್ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಇಂಗ್ಲಿಷ್‌ನಲ್ಲಿ ಅವನಿಗೆ ಇನ್ನೂ ಸಲೀಸು ಬಂದಿಲ್ಲ. ಮೊದಲ ಅಧ್ಯಾಯದಲ್ಲೇ ಹೆಸರುಗಳು ಅಡ್ಡ ಬಂದವು. ಈ ಪುಸ್ತಕದ ಅರ್ಧ ನಗು ಹೆಸರುಗಳಲ್ಲಿದೆ, ಹಾಗೆಯೇ ಹೇಳಿದರೆ ಬರಿಯ ಸದ್ದು. ಹಿಕಪ್ ಎಂದರೆ ಬಿಕ್ಕಳಿಕೆ ಎಂದೆ. ಹುಡುಗ ತಲೆ ಎತ್ತಿದ. ನಾಯಕನ ಹೆಸರೇ ಬಿಕ್ಕಳಿಕೆಯೇ? ಹೌದು. ಮಕ್ಕಳಿಗೆ ಪಾಠ ಹೇಳುವ ಗಾಬರ್‌ನ ಅಡ್ಡಹೆಸರು ತೇಗು. ಅಲ್ಲಿಂದ ಮುಂದೆ ಅವನೇ ಕೆಲಸ ಕೈಗೆತ್ತಿಕೊಂಡ. ಟೂತ್‌ಲೆಸ್‌ಗೆ ನಾನು "ದಂತಹೀನ" ಎಂದಾಗ, ಪಾಪ, ನನ್ನ ವೃತ್ತಿಯ ದೋಷ, ಅವನು ನನ್ನನ್ನು ಕನಿಕರದಿಂದ ನೋಡಿ "ಬೊಚ್ಚ" ಎಂದ. ಬೊಚ್ಚ! ಎರಡಕ್ಷರದಲ್ಲಿ ಆ ಪ್ರಾಣಿಯ ಬಾಯಿ, ಸ್ವಭಾವ, ಹಣೆಬರಹ ಎಲ್ಲವೂ ಬಂದವು. ದಾಯಾದಿ ಸ್ನಾಟ್‌ಲೌಟ್ ಸಹಜವಾಗಿ ಸಿಂಬಳರಾಯನಾದ. ಮೆಳ್ಳೆಗಣ್ಣಿನ, ಸರೀಸೃಪಗಳೆಂದರೆ ಅಲರ್ಜಿಯಿರುವ ಗೆಳೆಯ ಫಿಶ್‌ಲೆಗ್ಸ್‌ಗೆ ಮೀನುಗಾಲ ಎಂಬ ಹೆಸರು ಬಂತು. ಡ್ರ್ಯಾಗನ್ ಹಿಡಿಯಲು ಹೊರಟವನಿಗೆ ಆ ಅಲರ್ಜಿ!

ಮೂರನೆಯ ದಿನ ಸಂಜೆ ನಾನು ಮನೆಗೆ ಬರುವಷ್ಟರಲ್ಲಿ ಪುಸ್ತಕ ಅವನ ಕೈಯಲ್ಲಿತ್ತು. ಮುಂದಿನ ಅಧ್ಯಾಯಗಳಲ್ಲಿ ಹೊಸ ಹೆಸರುಗಳು ಯಾವುವು ಬರುತ್ತವೆ ಎಂದು ಮುಂಚೆಯೇ ಹುಡುಕಿ ಅವುಗಳಿಗೆ ಕನ್ನಡದ ಹೆಸರಿಡುತ್ತಿದ್ದ. ಹೆಸರಿಡಲು ಆ ಮನುಷ್ಯ ಎಂಥವನು ಎಂದು ತಿಳಿಯಬೇಕು, ತಿಳಿಯಲು ಸುತ್ತಲಿನ ನಾಲ್ಕು ಸಾಲು ಓದಬೇಕು. ಓದುತ್ತಿದ್ದೇನೆ ಎಂಬುದು ಅವನಿಗೇ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಈಗ ಆ ಪುಸ್ತಕದೊಳಗಿನ ಪುಸ್ತಕದ ವಿಷಯ. ಡ್ರ್ಯಾಗನ್ ಪಳಗಿಸುವುದು ಹೇಗೆ ಎಂದು ಹುಡುಗರು ಕೇಳಿದಾಗ ಅವರ ಕೈಗೆ ಸಿಗುವುದು ಪ್ರೊಫೆಸರ್ ಯಾಬಿಶ್ ಎಂಬ ಮಹಾಪಂಡಿತನ ಕೈಪಿಡಿ. ಬೇರೊಂದು ಬಣದ ಗ್ರಂಥಾಲಯದಿಂದ ಗಾಬರ್ ಕದ್ದು ತಂದದ್ದು. ಕೊವೆಲ್ ಆ ಕೈಪಿಡಿಯನ್ನು ರಕ್ಷಾಪುಟದ ಸಮೇತ ಇಡಿಯಾಗಿ ಅಚ್ಚು ಹಾಕಿದ್ದಾರೆ. ಇಷ್ಟೆಲ್ಲ ಠೀವಿ ದಾಟಿ ಒಳಗೆ ಹೋದರೆ ಇರುವುದು ಒಂದೇ ಉಪದೇಶ: ಅದರ ಮೇಲೆ ಕಿರುಚು. ಜೋರಾಗಿ ಕಿರುಚಿದಷ್ಟೂ ಒಳ್ಳೆಯದು. ಅಲ್ಲಿಗೆ ಮುಗಿಯಿತು.

ನಮ್ಮ ಹುಡುಗ ಪುಟಗಳು ಅಂಟಿಕೊಂಡಿವೆ ಎಂದುಕೊಂಡು ಉಗುರಿನಿಂದ ಬಿಡಿಸಲು ನೋಡಿದ. ಅಂಟಿರಲಿಲ್ಲ. ಮುಂದೆ ಕತೆ ಶುರುವಾಗಿತ್ತು. ಆಗ ಬಂದ ನಗುವನ್ನು ಬರೆದು ತೋರಿಸಲು ನನಗೆ ಬಾರದು. ಮೊದಲು ಮೂಗಿನಿಂದ ಒಂದು ಸದ್ದು ಬಂತು, ಆಮೇಲೆ ಇಡೀ ದೇಹ ಕುರ್ಚಿಯಿಂದ ಕೆಳಕ್ಕೆ ಜಾರಿತು. ಪುಸ್ತಕವೊಂದು ಪುಸ್ತಕಗಳನ್ನೇ ಗೇಲಿ ಮಾಡಬಹುದು ಎಂಬುದು ಅವನ ಕಲ್ಪನೆಗೇ ಬಂದಿರಲಿಲ್ಲ. ಬುದ್ಧಿ ಹೇಳುವ ಪುಸ್ತಕಗಳ ಬಗ್ಗೆ ಅವನ ಮನಸ್ಸಿನಲ್ಲಿ ಇದ್ದದ್ದನ್ನೆಲ್ಲ ಈ ಲೇಖಕಿ ಅವನ ಪರವಾಗಿ ಹೇಳಿಬಿಟ್ಟಿದ್ದರು. ಅಲ್ಲಿಂದಾಚೆಗೆ ಅವರ ಮಾತನ್ನು ಅವನು ನಂಬಿದ. ಮುಂದಿನ ಒಂದು ವಾರ ಮನೆಯಲ್ಲಿ ಸೈಕಲ್, ಬಾಗಿಲ ಚಿಲಕ, ತಡವಾಗಿ ಶುರುವಾಗುವ ಕಂಪ್ಯೂಟರ್ ಎಲ್ಲದರ ಮೇಲೂ ಯಾಬಿಶ್ ವಿಧಾನದ ಪ್ರಯೋಗ ನಡೆಯಿತು. ನನ್ನ ಅಕ್ಕ ನನ್ನ ಮೇಲೆ ಅದೇ ವಿಧಾನವನ್ನು ಪ್ರಯೋಗಿಸಿದಳು.

ಗಮನಿಸಬೇಕಾದದ್ದೆಂದರೆ ಈ ತಮಾಷೆ ಅಲ್ಲಿಗೇ ನಿಲ್ಲುವುದಿಲ್ಲ. ಹಿಕಪ್‌ಗೆ ಕಿರುಚಲು ಬರುವುದಿಲ್ಲ. ಅವನ ಧ್ವನಿಯೇ ಚಿಕ್ಕದು. ಹಾಗಾಗಿ ಅವನು ಡ್ರ್ಯಾಗನ್‌ಗಳ ಭಾಷೆಯಲ್ಲಿ ಬೊಚ್ಚನೊಡನೆ ಮಾತಿಗಿಳಿಯುತ್ತಾನೆ. ಕೃತಜ್ಞತೆ, ಭಯ, ದುರಾಸೆ, ಜಂಬ ಎಂದು ಒಂದೊಂದೇ ದಾರಿ ಹುಡುಕುತ್ತಾನೆ. ಬೊಚ್ಚ ಎಲ್ಲಕ್ಕೂ ಚಳ್ಳೆಹಣ್ಣು ತಿನ್ನಿಸುತ್ತಾನೆ. ಒಂದಿಷ್ಟಾದರೂ ಕೆಲಸ ಮಾಡುವುದು ನಗೆಚಾಟಿಕೆ, ಒಗಟು. ಹುಡುಗನೊಬ್ಬ ಮಾತು ಕೇಳದ ಪ್ರಾಣಿಯನ್ನು ನಗಿಸಿ ನಗಿಸಿ ದಾರಿಗೆ ತರಲು ಹೆಣಗುವ ಅಧ್ಯಾಯವನ್ನು ನಾನು ಓದಿ ಹೇಳುತ್ತಿದ್ದಾಗ, ನನ್ನ ಪಕ್ಕದಲ್ಲಿ ಕುಳಿತಿದ್ದವನೂ ಮಾತು ಕೇಳದ ಪ್ರಾಣಿಯೇ ಎಂಬುದು ಹೊಳೆದು ನನಗೆ ಸ್ವಲ್ಪ ಮುಜುಗರವೇ ಆಯಿತು.

ಕೊನೆಯ ಭಾಗಕ್ಕೆ ಗುಡ್ಡದಷ್ಟು ದೊಡ್ಡ ಸಮುದ್ರ ಡ್ರ್ಯಾಗನ್ ದಡಕ್ಕೆ ಬರುತ್ತದೆ. ಹಿರಿಯರಿಗೆ ಹೊಳೆಯುವುದು ಒಂದೇ ಉಪಾಯ, ಕಿರುಚುವುದು. ಹಿಕಪ್ ಅದರೊಡನೆ ಮಾತಾಡುತ್ತಾನೆ. ಆ ಮೃಗ ಬಹಳ ಸಭ್ಯವಾಗಿ, ಹಾಡು ಹೇಳುತ್ತಾ, ನಿಮ್ಮನ್ನೆಲ್ಲ ತಿನ್ನಲಿದ್ದೇನೆ ಎನ್ನುತ್ತದೆ. ನಗುತ್ತಿದ್ದ ಹುಡುಗ ಸುಮ್ಮನಾದ. ಕಾಲು ಮೇಲೆಳೆದುಕೊಂಡು ನನಗೆ ಒತ್ತಿ ಕುಳಿತ. ಈ ಪುಸ್ತಕದ ದೊಡ್ಡ ಗುಣ ಇದು. ಹಾಸ್ಯ ಬರೆಯುವ ಹಲವರು ಮಕ್ಕಳನ್ನು ನಿಜವಾಗಿ ಹೆದರಿಸಲು ಹಿಂಜರಿಯುತ್ತಾರೆ, ಹಾಗಾಗಿ ಅವರ ಸಾಹಸಗಳಲ್ಲಿ ಯಾರಿಗೂ ಏನೂ ಆಗುವುದಿಲ್ಲ ಎಂದು ಮಕ್ಕಳಿಗೆ ಎರಡನೆಯ ಪುಟಕ್ಕೇ ಗೊತ್ತಾಗಿಬಿಡುತ್ತದೆ. ಇಲ್ಲಿ ಪ್ರಾಣ ಹೋಗಬಹುದು ಎನ್ನಿಸುತ್ತದೆ. ಆಮೇಲೆ ಬಿಡುಗಡೆ ಎಲ್ಲಿಂದ ಬರುತ್ತದೆಂದರೆ, ಗರಿಗಳ ಬಾಂಬು ಎಸೆದು ಆ ಪರ್ವತಕ್ಕೆ ಸೀನು ಬರಿಸುವ ಯೋಜನೆಯಿಂದ! ಬಿಕ್ಕಳಿಕೆ ಎಂಬ ಹುಡುಗ, ತೇಗು ಎಂಬ ಗುರು, ಸೀನಿನಿಂದ ಯುದ್ಧ. ಮುಂದೆ ಏನಾಗುತ್ತದೆ ಎಂದು ಹೇಳುವುದಿಲ್ಲ. ಬೊಚ್ಚ ಆ ಹೊತ್ತಿನಲ್ಲಿ ಏನು ಮಾಡುತ್ತಾನೆ ಎಂಬುದನ್ನು ಮಕ್ಕಳೇ ಕಂಡುಕೊಳ್ಳಲಿ.

ಪುಟಗಳ ರೂಪದ ಬಗ್ಗೆ ನನಗೂ ಹುಡುಗನಿಗೂ ಎತ್ತು ಏರಿಗೆ, ಕೋಣ ನೀರಿಗೆ. ಚಿತ್ರಗಳನ್ನು ಕೊವೆಲ್ ತಾವೇ ಬರೆದಿದ್ದಾರೆ, ಬೇಕೆಂದೇ ಗಲೀಜಾಗಿ ಬರೆದಿದ್ದಾರೆ. ಶಾಯಿ ಚೆಲ್ಲಿದ ಕಲೆಗಳು, ಸೊಟ್ಟ ಕೈಬರಹ, ಪುಟದಂಚಿನ ಗೀಚು. ಪುಸ್ತಕ ಬರೆದವನು ಹಿಕಪ್ಪನೇ, ತಾವು ವೈಕಿಂಗರ ಹಳೆಯ ನಾರ್ಸ್ ಭಾಷೆಯಿಂದ ಅನುವಾದಿಸಿದವರು ಮಾತ್ರ ಎಂಬ ನಾಟಕ ಬೇರೆ. ನನ್ನ ಕೈ ಕೆಂಪು ಪೆನ್ನಿಗಾಗಿ ತಡಕಾಡಿತು. ಆದರೆ ಇನ್ನೂರಕ್ಕೂ ಹೆಚ್ಚು ಪುಟಗಳ ಈ ಪುಸ್ತಕವನ್ನು ಹುಡುಗ ಒಮ್ಮೆಯೂ ಬೆರಳಿನಲ್ಲಿ ಅಳೆಯಲಿಲ್ಲ. ಕಣ್ಣಿಗೆ ದಣಿವಾಗುವಷ್ಟರಲ್ಲಿ ಒಂದು ಚಿತ್ರ ಬರುತ್ತದೆ, ಇಲ್ಲವೇ ಯಾವುದೋ ಡ್ರ್ಯಾಗನ್ ಜಾತಿಯ ವೇಗಕ್ಕೆ, ಭೀಕರತೆಗೆ, ಅವಿಧೇಯತೆಗೆ ಅಂಕ ಕೊಟ್ಟ ಪಟ್ಟಿ ಬರುತ್ತದೆ. ಆಟದ ನಿಯಮ ಓದುವ ಹುಡುಗನಿಗೆ ಅದು ಹಬ್ಬ. ಅವಿಧೇಯತೆಯ ಅಂಕ ಹೆಚ್ಚಿದ್ದಷ್ಟೂ ಅವನಿಗೆ ಗೌರವ.

ಲೇಖಕಿ ಬಾಲ್ಯದ ಬೇಸಿಗೆಗಳನ್ನು ಸ್ಕಾಟ್ಲೆಂಡಿನ ಪಶ್ಚಿಮ ತೀರದಾಚೆ ಜನವಸತಿಯಿಲ್ಲದ ಪುಟ್ಟ ದ್ವೀಪವೊಂದರಲ್ಲಿ ಕಳೆದವರು. ಪುಸ್ತಕದ ಚಳಿ, ಒದ್ದೆ, ಉಪ್ಪುಗಾಳಿ ಕುರ್ಚಿಯಲ್ಲಿ ಕುಳಿತು ಊಹಿಸಿದ್ದಲ್ಲ. ಕತೆ ಶುರುವಾಗುವುದೂ ಮುಗಿಯುವುದೂ ಮುದುಕನಾದ ಹಿಕಪ್‌ನ ಧ್ವನಿಯಲ್ಲಿ. ಡ್ರ್ಯಾಗನ್‌ಗಳು ಇದ್ದ ಕಾಲವನ್ನು ನೆನೆಯುವ ಆ ಧ್ವನಿಯಲ್ಲಿ ಒಂದು ವಿಷಾದವಿದೆ. ಹುಡುಗ ಅದನ್ನು ದಾಟಿ ಓಡಿದ. ನಾನು ಎರಡು ಸಲ ಓದಿದೆ.

ಕೊರತೆಗಳಿಲ್ಲವೆಂದಲ್ಲ. ಮೊದಲ ಸಂಪುಟದಲ್ಲಿ ಹೆಣ್ಣುಮಕ್ಕಳು ಇಲ್ಲವೆನ್ನುವಷ್ಟು ಕಡಿಮೆ. ಕಮಿಕಾಜಿ ಎಂಬ ತುಂಟಿಗಾಗಿ ಮೂರನೆಯ ಸಂಪುಟದವರೆಗೆ ಕಾಯಬೇಕು. ಚಲನಚಿತ್ರದ ನಾಯಕಿ ಆಸ್ಟ್ರಿಡ್‌ಗಾಗಿ ಹುಡುಕುವವರಿಗೆ ಅವಳು ಪುಸ್ತಕದಲ್ಲಿ ಎಲ್ಲಿಯೂ ಸಿಗುವುದಿಲ್ಲ. ಕೆಲವು ಕಡೆ ಬೈಗುಳದ ತಮಾಷೆ ಹದ ಮೀರುತ್ತದೆ, ದಪ್ಪಕ್ಷರದ ಕಿರುಚಾಟ ಸಾಕೆನ್ನಿಸುತ್ತದೆ. ಸರಣಿ ಮುಂದುವರಿದಂತೆ ಕತೆ ಕಪ್ಪಾಗುತ್ತದೆ. ಗುಲಾಮಗಿರಿ, ಡ್ರ್ಯಾಗನ್‌ಗಳ ದಂಗೆ, ದ್ರೋಹ ಎಲ್ಲವೂ ಬರುತ್ತವೆ, 2015ರ ಕೊನೆಯ ಸಂಪುಟ ನಾನೂರು ಪುಟ ದಾಟುತ್ತದೆ. ನಗು ಬೇಕೆಂದು ಬಂದ ಚಿಕ್ಕ ಮಗುವಿಗೆ ಹನ್ನೆರಡನ್ನೂ ಒಟ್ಟಿಗೆ ಕೊಡಬೇಡಿ. ಓದುವುದಕ್ಕಿಂತ ಕೇಳುವುದು ಹಿತವೆನ್ನುವ ಮಕ್ಕಳಿಗೆ ನಟ ಡೇವಿಡ್ ಟೆನಂಟ್ ಓದಿರುವ ಧ್ವನಿಪುಸ್ತಕಗಳಿವೆ. ಅವರ ಬೊಚ್ಚ ನನ್ನ ಬೊಚ್ಚನಿಗಿಂತ ಚೆನ್ನಾಗಿ ತೊದಲುತ್ತಾನೆ ಎಂದು ಮನೆಯಲ್ಲಿ ತೀರ್ಪಾಗಿದೆ.

ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಗುಹೆಯ ಅಧ್ಯಾಯ ಮುಗಿದ ರಾತ್ರಿ, ಉತ್ಸಾಹ ತಡೆಯಲಾರದೆ, "ಇದರಿಂದ ನೀನು ಏನು ಕಲಿತೆ?" ಎಂದು ಕೇಳಿಬಿಟ್ಟೆ. ನಾಲ್ಕು ದಿನ ಅವನು ಪುಸ್ತಕ ಮುಟ್ಟಲಿಲ್ಲ. ಐದನೆಯ ದಿನ ಬೊಚ್ಚನ ಧ್ವನಿಯಲ್ಲಿ ಕ್ಷಮೆ ಕೇಳಿದ ಮೇಲೆ ರಾಜಿಯಾಯಿತು.

ಈಗ ಮೂರನೆಯ ಸಂಪುಟ ನಡೆಯುತ್ತಿದೆ. ಒಂದು ಪುಟ ನಾನು, ಒಂದು ಪುಟ ಅವನು. ಹೆಸರುಗಳ ಪಟ್ಟಿಯನ್ನು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾನೆ. 'ಬೊಚ್ಚ' ಎಂಬಲ್ಲಿ ಒತ್ತಕ್ಷರ ತಪ್ಪಿದೆ. ಕಮಿಕಾಜಿ ಎಂಬುದರ ಎದುರು ಮಾತ್ರ ಜಾಗ ಖಾಲಿ ಬಿಟ್ಟಿದ್ದಾನೆ. ನಾನು ಸೂಚಿಸಿದ ಆರು ಹೆಸರುಗಳನ್ನೂ ತಳ್ಳಿಹಾಕಿ, ಅವಳು ಇನ್ನೂ ಏನೇನು ಮಾಡುತ್ತಾಳೆ ಎಂದು ನೋಡಿದ ಮೇಲೆ ಹೇಳುತ್ತೇನೆ ಎಂದಿದ್ದಾನೆ.